ಅಟ್ಟದ ಮೇಲಿಟ್ಟ ಗಿಟಾರ್

ಜನವರಿ ೬, ೨೦೦೫, ಗುರುವಾರ

ಜ್ಯೋತ್ಸ್ನಾ ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ಅಡ್ಡಗದ್ದೆಗೆ, ಅಣ್ಣನ ಮನೆಗೆ ಹೋದಳು. ಹೋಗಲಿ. ನಾನೇನು ಹೋಗು ಅಂದೆನೇ? ಒಂದು ಮರದ ಡಬ್ಬ ಸೀಳಿತೆಂದು ಒಂಬತ್ತು ವರ್ಷದ ಸಂಸಾರ ಬಿಟ್ಟು ಯಾರಾದರೂ ತವರಿಗೆ ಹೋಗುತ್ತಾರೆಯೇ? ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿಯಲ್ಲಿ ಯಾರ ಪಂಪ್‌ಸೆಟ್ ಯಾವತ್ತು ರಿಪೇರಿಯಾಗಬೇಕೆಂದು ಬರೆದುಕೊಳ್ಳೋಣ ಎಂದಿದ್ದೆ. ಈಗ ಇದನ್ನು ಬರೆಯುವ ಗತಿ ಬಂತು. ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟುಕೊಂಡವನು ಯಾರ ಹತ್ತಿರ ಬಾಯಿ ಬಿಟ್ಟರೂ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ನಡೆದದ್ದು ಇಷ್ಟು. ಅತ್ತಿಗೆಯ ಬಾಣಂತನಕ್ಕೆಂದು ಅಕ್ಟೋಬರಿನಲ್ಲಿ ಹೋದವಳು ಮೊನ್ನೆ ಭಾನುವಾರ ಬಂದಳು. ಬಂದವಳೇ ಗಿಟಾರ್ ಎಲ್ಲಿ ಅಂದಳು. ಮದುವೆಗೆ ಮೊದಲು ಟೀಚರಾಗಲೆಂದು ಶಿವಮೊಗ್ಗದಲ್ಲಿ ಟಿ.ಸಿ.ಎಚ್. ಓದುವಾಗ ಕೊಂಡದ್ದು. ಅದು ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಅಟ್ಟ ಸೇರದ ವಸ್ತು ಯಾವುದಿದೆ? ಹಪ್ಪಳದ ಡಬ್ಬ, ಕಂಬಳಿ, ಛತ್ರಿ, ಬಿತ್ತನೆ ಬೀಜ, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಎಲ್ಲವೂ ಅಲ್ಲೇ. ಬೂಷ್ಟು ಹಿಡಿಯದ ಜಾಗ ಅದೊಂದೇ. ಮಳೆ ಹೋದ ಮೇಲೆ ಇಳಿಸಲು ಮರೆತುಹೋಗಿತ್ತು. ಇಳಿಸಿ ಚೀಲ ಬಿಚ್ಚಿದರೆ, ಮೇಲಿನ ಹಲಗೆ ತಂತಿ ಕಟ್ಟುವ ಪಟ್ಟಿಯಿಂದ ಕೆಳಗಿನ ಅಂಚಿನವರೆಗೆ ಒಂದು ಗೇಣು ಸೀಳಿತ್ತು. ಉಗುರು ಹೋಗುವಷ್ಟು.

"ಇದನ್ನ ಅಟ್ಟಕ್ಕೆ ಇಟ್ಟಿದ್ದು ಯಾರು?" ಅಂದಳು. ನನ್ನನ್ನು ನೋಡಿಯೇ ಕೇಳಿದಳು. ನಾನು ಕೈ ತೊಳೆಯುತ್ತಿದ್ದೆ. ಗ್ರೀಸು ಅಷ್ಟು ಬೇಗ ಹೋಗುವುದಿಲ್ಲ. ಅಷ್ಟರಲ್ಲಿ ಅಮ್ಮ ಒಲೆಯ ಹತ್ತಿರದಿಂದಲೇ, "ನಾನೇ ಇಟ್ಟೆ ಮಾರಾಯ್ತಿ. ಬೂಷ್ಟು ಹಿಡೀತದೆ, ಬೆಚ್ಚಗಿರ್ಲಿ ಅಂತ" ಅಂದಳು. ಮಾತು ಅಲ್ಲಿಗೆ ಮುಗಿಯಿತು. ಹೆಂಗಸರ ಮಾತಿನ ನಡುವೆ ನಾನೇಕೆ ಬಾಯಿ ಹಾಕಲಿ?

ಮೂರು ದಿನ ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ. ಇವತ್ತು ಬ್ಯಾಗು ಹಿಡಿದು ನಿಂತು, "ಗಿಟಾರ್ ಒಡೆದಿದ್ದಕ್ಕೆ ನಾನು ಹೋಗ್ತಾ ಇಲ್ಲ" ಅಂದಳು. "ಮತ್ತೆ ಎಂತಕ್ಕೆ?" ಅಂದೆ. "ಅದನ್ನೂ ನಾನೇ ಹೇಳ್ಬೇಕಾ?" ಅಂದಳು. ಶೃಂಗೇರಿಯ ಒಂದು ಶಾಲೆಯಲ್ಲಿ ಟೀಚರೊಬ್ಬರು ರಜೆ ಹಾಕಿದ್ದಾರಂತೆ, ಅವರ ಬದಲಿಗೆ ಏಪ್ರಿಲ್‌ವರೆಗೆ ಹಾಡು ಕಲಿಸಲು ಕರೆದಿದ್ದಾರಂತೆ. ಏಪ್ರಿಲ್ ಆದ ಮೇಲೆ ಎಂದು ಕೇಳಿದೆ. "ನೋಡುವ" ಅಂದಳು. ನಮ್ಮ ಊರಲ್ಲಿ ನೋಡುವ ಅಂದರೆ ಇಲ್ಲ ಎಂದೇ ಅರ್ಥ.

ಇರಲಿ. ಕೆಟ್ಟು ಕೂತ ಪಂಪನ್ನು ಅರ್ಧ ದಿನದಲ್ಲಿ ಓಡಿಸುವವನಿಗೆ ಇದೊಂದು ಹಲಗೆ ದೊಡ್ಡದೇ? ಭಾನುವಾರದೊಳಗೆ ಕೂಡಿಸಿ ಕಳಿಸುತ್ತೇನೆ. ಆಮೇಲೆ ಹೇಗೆ ಬರುವುದಿಲ್ಲ ನೋಡುತ್ತೇನೆ.

ಜನವರಿ ೯, ಭಾನುವಾರ

ಮೊದಲು ಸೀಳನ್ನು ಕೂಡಿಸಬೇಕು, ಆಮೇಲೆ ಅಂಟು. ಸೊಂಟದ ಎರಡೂ ಕಡೆ ಬಟ್ಟೆ ಸುತ್ತಿ ದೊಡ್ಡ ಕ್ಲಾಂಪು ಹಾಕಿ ಬಿಗಿ ಮಾಡಿದೆ. ಮುಕ್ಕಾಲು ಸುತ್ತು ತಿರುಗಿಸಿದ್ದೆ ಅಷ್ಟೆ. ಟಪ್ ಅಂದಿತು. ಸೀಳು ಇನ್ನೂ ಎರಡು ಬೆರಳು ಮುಂದಕ್ಕೆ ಹೋಯಿತು.

ಅಮ್ಮ ಬಂದು ನೋಡಿ, "ಆತುರಗಾರನಿಗೆ ಬುದ್ಧಿ ಮಟ್ಟ" ಅಂದು ಹೋದಳು. ಕಬ್ಬಿಣ ಹೀಗೆ ಮಾಡುವುದಿಲ್ಲ. ಕಬ್ಬಿಣವನ್ನು ಬಿಗಿ ಮಾಡಿದರೆ ಬಿಗಿಯಾಗುತ್ತದೆ.

ಜನವರಿ ೧೪, ಶುಕ್ರವಾರ, ಸಂಕ್ರಾಂತಿ

ಅಡ್ಡಗದ್ದೆಗೆ ಫೋನು ಮಾಡಿದೆ. ಅವಳ ಅಣ್ಣ ಸಂತೋಷ ಎತ್ತಿದ. "ಅವಳು ಸ್ಕೂಲಿಗೆ ಹೋಗಿದ್ದಾಳೆ ಭಾವ" ಅಂದ. ಸಂಕ್ರಾಂತಿಯ ದಿನ ಎಂತ ಸ್ಕೂಲು ಮಾರಾಯ! ಸುಳ್ಳು ಹೇಳಲೂ ಒಂದು ಲಕ್ಷಣ ಬೇಕು. ಹಿಂದೆ ಅವಳ ಕೆಮ್ಮು ಕೇಳಿಸಿತು. ಚಳಿಗೆ ಅವಳಿಗೆ ಕೆಮ್ಮು ಬರುತ್ತದೆ. ಕಷಾಯ ಮಾಡಿಕೊಳ್ಳಲು ಹೇಳು ಎಂದು ಹೇಳಬೇಕೆನ್ನುವಷ್ಟರಲ್ಲಿ ಅವನು ಇಟ್ಟುಬಿಟ್ಟ.

ಎಳ್ಳು ಬೆಲ್ಲ ಹಾಗೇ ಉಳಿದಿದೆ. ಅಮ್ಮ, "ಹಪ್ಪಳದ ಡಬ್ಬ ಇಳಿಸಿ ಕೊಡಾ ರಮಣ, ನನ್ನ ಕೈ ಎಟಕಲ್ಲ" ಅಂದಳು. ಇಳಿಸಿ ಕೊಟ್ಟೆ. ಹಬ್ಬದ ಊಟಕ್ಕೆ ನಾವು ಇಬ್ಬರೇ.

ಜನವರಿ ೨೩, ಭಾನುವಾರ

ನರಸಿಂಹರಾಜಪುರಕ್ಕೆ ಹೋಗಿ ಬಂದೆ. ಅಲ್ಲಿ ಪರಮಶಿವಯ್ಯ ಎಂಬವರಿದ್ದಾರೆ. ಮೂವತ್ತು ವರ್ಷ ಮರದ ಡಿಪೋದಲ್ಲಿ ಕೆಲಸ ಮಾಡಿ ರಿಟೈರಾದವರು, ಈಗ ಹಾರ್ಮೋನಿಯಂ, ವೀಣೆ, ಇಂಥವನ್ನೆಲ್ಲ ಸರಿ ಮಾಡುತ್ತಾರೆ. ಹೋದ ವರ್ಷ ಅವರ ಬಾವಿಯ ಪಂಪನ್ನು ನಾನೇ ಬಿಚ್ಚಿ ಕೂಡಿಸಿದ್ದೆ.

ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ಬಡಿದರು. ನಡುವಿನ ತೂತಿನೊಳಗೆ ಸಣ್ಣ ಕನ್ನಡಿ ಬಿಟ್ಟು ನೋಡಿದರು. ಆಮೇಲೆ, "ಎಲ್ಲಿ ಇಟ್ಟಿದ್ರಿ ಇದನ್ನ?" ಅಂದರು.

"ಒಲೆ ಮೇಲಿನ ಅಟ್ಟದಲ್ಲಿ."

ಅವರು ನಗಲು ಶುರು ಮಾಡಿದರು. ನಿಲ್ಲಲೇ ಇಲ್ಲ. "ಅಲ್ಲ ಮಾರಾಯ, ಹಪ್ಪಳ ಇಡೋ ಜಾಗದಲ್ಲಿ ಗಿಟಾರ್ ಇಟ್ರೆ ಅದೂ ಹಪ್ಪಳ ಆಗ್ತದೆ! ಯಾರು ಇಟ್ಟಿದ್ದು?"

"ಮನೆಯವರು" ಅಂದೆ.

ಅಂಟು ಹಾಕಿ ಕೊಡಿ, ಸಂಜೆ ಬಸ್ಸಿಗೆ ಒಯ್ಯುತ್ತೇನೆ ಎಂದೆ. ತಲೆ ಆಡಿಸಿದರು. "ಮರ ಕಡಿದ ಮೇಲೂ ನೀರು ಕುಡೀತದೆ. ಇದು ಬಾಯಾರಿ ಸೀಳಿದ್ದು. ಈಗ ಸಂದಿಗೆ ಅಂಟು ತುಂಬಿದ್ರೆ, ಮಳೆಗಾಲಕ್ಕೆ ಹಲಗೆ ಉಬ್ಬುತ್ತೆ, ಇನ್ನೊಂದು ಕಡೆ ಸೀಳುತ್ತೆ. ಮೊದಲು ಕುಡಿಸಬೇಕು. ಅದಾಗೇ ಕೂಡಬೇಕು. ಆಮೇಲೆ ಅಂಟು." ತಂತಿಗಳನ್ನು ಸಡಿಲ ಮಾಡಿದರು. ಒಂದು ಸೋಪಿನ ಡಬ್ಬಿಗೆ ತೂತು ಕೊರೆದು, ಅದರಲ್ಲಿ ಹಿಂಡಿದ ಒದ್ದೆ ಬಟ್ಟೆ ಇಟ್ಟು, ಹಲಗೆಗೆ ತಾಗದ ಹಾಗೆ ತಂತಿಯಿಂದ ಒಳಗೆ ಇಳಿಬಿಟ್ಟರು. ಚೀಲ ಮುಚ್ಚಿಡಬೇಕು, ಬಟ್ಟೆ ಒಣಗಿದ ಹಾಗೆ ಒದ್ದೆ ಮಾಡಬೇಕು, ಅಷ್ಟೇ.

"ಎಷ್ಟು ದಿನ ಬೇಕು?" ಅಂದೆ.

"ಅದಕ್ಕೆ ಬೇಕಾದಷ್ಟು" ಅಂದರು.

ಇದೆಂಥ ಉತ್ತರ! ನನ್ನ ಅಂಗಡಿಯಲ್ಲಿ ನಾನು ಹೀಗೆ ಹೇಳಿದರೆ ಗಿರಾಕಿ ಪಂಪನ್ನು ತಲೆಯ ಮೇಲೇ ಹಾಕುತ್ತಾನೆ.

ಜನವರಿ ೨೫

ಸೀಳು ಹಾಗೇ ಇದೆ.

ಜನವರಿ ೨೬

ಹಾಗೇ ಇದೆ.

ಫೆಬ್ರವರಿ ೨, ಬುಧವಾರ

ಕಣ್ಣಂದಾಜು ಸಾಲದೆಂದು ಫೀಲರ್ ಗೇಜು ತಂದೆ. ಇಂಜಿನ್ನಿನ ವಾಲ್ವಿನ ಸಂದು ಅಳೆಯಲು ಇಟ್ಟುಕೊಂಡಿರುವ ತೆಳು ತಗಡಿನ ಎಲೆಗಳು. ಸೀಳಿನ ನಡುವಿಗೆ ೦.೯೦ ಮಿಲಿಮೀಟರ್ ಎಲೆ ಹೋಯಿತು. ಮೊದಲು ಎಷ್ಟಿತ್ತೋ ಅಳೆದಿರಲಿಲ್ಲ, ನನ್ನ ದಡ್ಡತನ.

ಅಮ್ಮನ ತಲೆ ಬಾಚುವುದು ಈಗ ನನ್ನ ಕೆಲಸವಾಗಿದೆ. ಕೂದಲು ಇಷ್ಟು ತೆಳುವಾಗಿದ್ದು ನನಗೆ ಗೊತ್ತೇ ಇರಲಿಲ್ಲ. "ಎಳೀಬೇಡ, ಅದು ಬೆಲ್ಟಲ್ಲ" ಅಂತ ಬೈಸಿಕೊಂಡೆ.

ಫೆಬ್ರವರಿ ೧೦, ಗುರುವಾರ

೦.೬೫. ಕೆಳಗಿನ ಅಂಚಿನಲ್ಲಿ ಇನ್ನೂ ಕಡಿಮೆ.

ಫೆಬ್ರವರಿ ೧೩, ಭಾನುವಾರ

ಮಧ್ಯಾಹ್ನ ಬಟ್ಟೆ ಒದ್ದೆ ಮಾಡುತ್ತಿದ್ದಾಗ ಅಮ್ಮ ಮೊರ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತು ಅಕ್ಕಿ ಆರಿಸತೊಡಗಿದಳು. ಅಡುಗೆಮನೆಯಲ್ಲಿ ಬೆಳಕಿಲ್ಲವಾ ಎಂದು ಕೇಳಿದೆ.

"ಅಭ್ಯಾಸ" ಅಂದಳು. "ಅವಳು ನುಡಿಸುವಾಗ ಇಲ್ಲೇ ಕೂತ್ಕೊಳ್ತಿದ್ದೆ."

"ಅವಳೆಲ್ಲಿ ನುಡಿಸ್ತಿದ್ದಳು? ಬಿಟ್ಟು ಎಷ್ಟೋ ವರ್ಷ ಆಯ್ತಲ್ಲ."

"ನೀನು ಅಂಗಡೀಲಿ ಇರುವಾಗ. ದಿನಾ ಮಧ್ಯಾಹ್ನ. ನಿನ್ನ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಎತ್ತಿಡ್ತಿದ್ದಳು."

ಒಂಬತ್ತು ವರ್ಷ! ನಾನು ಅನ್ನಕ್ಕೆ ಬರುವ ಹೊತ್ತಿಗೆ ಸಾರು ಬಿಸಿಯಿರುತ್ತಿತ್ತು, ಗಿಟಾರ್ ಚೀಲದಲ್ಲಿರುತ್ತಿತ್ತು.

ಕಾರಣ ಅಮ್ಮ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದೇನು, ನನಗೆ ನೆನಪಿದೆ. ಮದುವೆಯಾದ ಹೊಸತರಲ್ಲಿ ನುಡಿಸುತ್ತಿದ್ದಾಗ ಮನೆಗೆ ಇಬ್ಬರು ಗಿರಾಕಿಗಳು ಬಂದಿದ್ದರು. "ಬೇರಿಂಗ್ ಸವೆದ ಮೋಟಾರಿನ ಹಾಗೆ ಕೇಳ್ತದೆ, ಬಿಚ್ಚಿ ನೋಡ್ಲಾ?" ಅಂದಿದ್ದೆ. ಅವರು ನಕ್ಕರು, ನಾನೂ ನಕ್ಕೆ. ಅವಳೂ ನಕ್ಕಿದ್ದಳು ಎಂದೇ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ.

ಫೆಬ್ರವರಿ ೨೫, ಶುಕ್ರವಾರ

೦.೪೦.

ಶೃಂಗೇರಿಯಲ್ಲಿ ಒಬ್ಬರ ಪಂಪಿಗೆ ಸಾಮಾನು ಕೊಡುವುದಿತ್ತು. ಕೊಟ್ಟ ಮೇಲೆ ಹೇಗೋ ಆ ಶಾಲೆಯ ಕಾಂಪೌಂಡಿನ ಹತ್ತಿರ ಹೋಗಿದ್ದೆ. ಹೇಗೋ ಅಂದರೇನು, ಬಸ್‌ಸ್ಟ್ಯಾಂಡಿಗೆ ಅದು ಹಾದಿಯೇ ಅಲ್ಲ. ಕಿಟಕಿಯಿಂದ ಮಕ್ಕಳ ಹಾಡು ಕೇಳಿಸುತ್ತಿತ್ತು. ಅವಳು ಒಂದು ಸಾಲು ಹೇಳುತ್ತಾಳೆ, ಮಕ್ಕಳೆಲ್ಲ ಕಿರುಚಿ ಹೇಳುತ್ತವೆ, ಅವಳು ನಗುತ್ತಾಳೆ, ಮತ್ತೆ ಹೇಳಿಕೊಡುತ್ತಾಳೆ. ಆ ನಗು ಕೇಳಿ ಎಷ್ಟು ವರ್ಷವಾಯಿತೋ. ಹೊಂಗೆ ಮರದ ಕೆಳಗೆ ಮುಕ್ಕಾಲು ಗಂಟೆ ನಿಂತೆ. ಗಂಟೆ ಹೊಡೆದಾಗ ಓಡಿಬಂದು ಬಸ್ಸು ಹತ್ತಿದೆ. ಕೈಯೆಲ್ಲ ಗ್ರೀಸಾಗಿತ್ತು. ಹಾಗೆ ಹೋಗಿ ಎದುರು ನಿಲ್ಲಲು ಆಗುತ್ತದೆಯೇ?

ಹರಿಹರಪುರ ದಾಟಿದ ಮೇಲೆ ನೋಡಿಕೊಂಡೆ. ಕೈ ತೊಳೆದುಕೊಂಡೇ ಹೊರಟಿದ್ದೆ.

ಮಾರ್ಚ್ ೪, ಶುಕ್ರವಾರ

೦.೧೫. ಮನೆಗೆ ಬಂದರೆ ಬಾಗಿಲಲ್ಲಿ ಸ್ಕೂಟರ್ ಆಫ್ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು ಅಭ್ಯಾಸವಾಗಿದೆ. ಒಳಗೆ ಏನೂ ಕೇಳಿಸುವುದಿಲ್ಲ. ಆದರೂ ನಿಲ್ಲುತ್ತೇನೆ.

ಮಾರ್ಚ್ ೧೧, ಶುಕ್ರವಾರ

ಅತಿ ತೆಳು ಎಲೆಯೂ ಹೋಗಲಿಲ್ಲ! ಅಮ್ಮನನ್ನು ಕೂಗಿ ಕರೆದೆ. ಅಮ್ಮ ಬೆರಳು ಸವರಿ ನೋಡಿ, "ಕೂಡಿದೆಯಲ್ಲಾ!" ಅಂದಳು. ಅವಳಿಗೂ ಕಣ್ಣು ಒದ್ದೆಯಾಯಿತು. ಒಲೆಯ ಹೊಗೆ ಇರಬೇಕು.

ಮಾರ್ಚ್ ೧೩, ಭಾನುವಾರ

ಪರಮಶಿವಯ್ಯನವರ ಕೈ ಈಗ ನಡುಗುತ್ತದೆ. "ನಾನು ಹೇಳ್ತೀನಿ, ನೀನು ಮಾಡು" ಅಂದರು. ಅಂಟನ್ನು ಸೀಳಿನ ಉದ್ದಕ್ಕೂ ಬೆರಳಿನಿಂದ ತಿಕ್ಕಿ ತಿಕ್ಕಿ ಇಳಿಸಿದೆ. ಆಮೇಲೆ ಒಳಗಿನಿಂದ ಸೀಳಿಗೆ ಅಡ್ಡವಾಗಿ ಉಗುರಿನಷ್ಟು ತೆಳು ಮರದ ತುಂಡುಗಳನ್ನು ಅಂಟಿಸಬೇಕು, ಮತ್ತೆ ಬಾಯಿ ಬಿಡದ ಹಾಗೆ. ಅಂಟು ಹಿಡಿಯುವವರೆಗೆ ಅವುಗಳನ್ನು ಒತ್ತಿಟ್ಟುಕೊಳ್ಳುವುದು ಹೇಗೆ ಎಂದು ಅವರು ಯೋಚಿಸುತ್ತಿದ್ದರು. ನಾನು ಹಳೆಯ ಸ್ಪೀಕರಿನ ಅಯಸ್ಕಾಂತಗಳನ್ನು ಒಯ್ದಿದ್ದೆ. ಹಲಗೆಯ ಒಳಗೊಂದು, ಹೊರಗೊಂದು, ತಾವಾಗಿ ಹಿಡಿದುಕೊಂಡವು. "ಭಲೇ, ತಲೆ ಇದೆ ನಿನಗೆ" ಅಂದರು. ಎರಡು ತಿಂಗಳಲ್ಲಿ ನನಗೆ ಸಿಕ್ಕ ಒಂದೇ ಹೊಗಳಿಕೆ.

ಉಂಗುರ, ವಾಚು ಬಿಚ್ಚಿಟ್ಟು ತೂತಿನೊಳಗೆ ಮೊಣಕೈವರೆಗೆ ತೂರಿಸಿದ್ದೆ. ಒಳಗೆ ಹೊಗೆಯ ವಾಸನೆ ಇನ್ನೂ ಇದೆ. ಆಗ ಅವರು ಮತ್ತೆ, "ಹೆಣ್ಮಕ್ಳು ಹೀಗೆ ಮಾಡೋದಿಲ್ಲ ಮಾರಾಯ. ನಿಜ ಹೇಳು, ಅಟ್ಟಕ್ಕೆ ಯಾರು ಹಾಕಿದ್ದು?" ಅಂದರು.

"ನಾನೇ" ಅಂದೆ.

ಯಾಕೆ ಹೇಳಿದೆನೋ. ಕೈ ಒಳಗೆ ಸಿಕ್ಕಿಕೊಂಡಿತ್ತು, ಎದ್ದು ಹೋಗುವಂತಿರಲಿಲ್ಲ. ಅವರು ನಗಲಿಲ್ಲ. "ಗೆರೆ ಉಳೀತದೆ, ಅದನ್ನ ಪಾಲಿಶ್ ಹಾಕಿ ಮುಚ್ಚಬೇಡ" ಎಂದಷ್ಟೇ ಹೇಳಿದರು. ಎರಡು ವಾರ ಹೊಸ ತಂತಿ ಹಾಕಕೂಡದಂತೆ.

ಮಾರ್ಚ್ ೨೦, ಭಾನುವಾರ

ಅಮ್ಮನ ತಲೆ ಬಾಚುವಾಗ ಕೇಳಿದೆ. "ಆವತ್ತು ನೀನು ಇಟ್ಟದ್ದು ಅಂತ ಯಾಕೆ ಹೇಳಿದೆ?"

"ನೀನು ಕೈ ತೊಳೀತಾನೇ ಇದ್ಯಲ್ಲ" ಅಂದಳು. "ಎಷ್ಟು ಹೊತ್ತು ಅಂತ ತೊಳೀತೀಯ ಪಾಪ, ಅಂತ ಹೇಳಿದೆ."

ಆಮೇಲೆ ಜಡೆ ಸರಿ ಬರಲಿಲ್ಲ. ಮೂರು ಸಲ ಬಿಚ್ಚಿ ಹಾಕಿದೆ.

ಏಪ್ರಿಲ್ ೩, ಭಾನುವಾರ

ಅಡ್ಡಗದ್ದೆಗೆ ಹೋಗಿ ಬಂದೆ. ಎಲ್ಲ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಸಂತೋಷ "ಬನ್ನಿ ಭಾವ" ಎಂದು ಚಾಪೆ ಹಾಸಿ, ಮಗುವನ್ನೆತ್ತಿಕೊಂಡು ಒಳಗೆ ಹೋದ. ಜಗಲಿಯಲ್ಲಿ ನಾವಿಬ್ಬರೇ. ಸ್ವಲ್ಪ ಸೊರಗಿದ್ದಾಳೆ. ಚೀಲ ಬಿಚ್ಚಿದಳು. ಗೆರೆಯ ಮೇಲೆ ಬೆರಳು ಇಟ್ಟು ಮೇಲಿಂದ ಕೆಳಗೆ ಎಳೆದಳು.

"ಯಾರು ಮಾಡಿದ್ದು?"

"ಎನ್.ಆರ್. ಪುರದ ಪರಮಶಿವಯ್ಯ ಅಂತ. ಅಂಟು ಹಾಕಿದ್ದು ನಾನು."

"ಚೆನ್ನಾಗಿ ಕೂತಿದೆ" ಅಂದಳು. "ಕಾಫಿ ತರ್ತೀನಿ" ಎಂದು ಎದ್ದಳು.

ಬಸ್ಸಿನಲ್ಲಿ ಬರುವಾಗ ಹೇಳಬೇಕಾದದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ಎಷ್ಟು ದಿನ ನೀರು ಕುಡಿಸಿದೆ, ಎಷ್ಟು ಮಿಲಿಮೀಟರ್, ಅಯಸ್ಕಾಂತ, ಎಲ್ಲ. ಒಂದೂ ಬಾಯಿಗೆ ಬರಲಿಲ್ಲ.

"ಜ್ಯೋತ್ಸ್ನಾ, ಅಟ್ಟಕ್ಕೆ ಇಟ್ಟಿದ್ದು ನಾನು. ಅಮ್ಮ ಅಲ್ಲ."

ಅವಳು ತಿರುಗಲಿಲ್ಲ. "ಗೊತ್ತು" ಅಂದಳು.

"ಅಮ್ಮ ಫೋನು ಮಾಡಿ ಹೇಳಿದಳಾ?"

"ಅತ್ತೆ ಎಂತಕ್ಕೆ ಹೇಳ್ತಾರೆ? ಬಚ್ಚಲಲ್ಲಿ ಬಿದ್ದ ಮೇಲೆ ಎರಡು ವರ್ಷದಿಂದ ಅವರ ಕೈ ಭುಜಕ್ಕಿಂತ ಮೇಲೆ ಹೋಗೋದಿಲ್ಲ. ತಲೆ ಬಾಚ್ತಿದ್ದಿದ್ದು ನಾನು. ಹಪ್ಪಳದ ಡಬ್ಬ ಇಳಿಸಲಾಗದವರು ಗಿಟಾರ್ ಹತ್ತಿಸ್ತಾರಾ?"

"ಗೊತ್ತಿದ್ದೂ ಆವತ್ತು ಯಾಕೆ ಕೇಳಿದೆ?"

"ನೀವು ಹೇಳ್ತೀರೇನೋ ಅಂತ ಕೇಳಿದೆ. ಮೂರು ದಿನ ಕಾದೆ. ನೀವು ಉಂಡಿರಿ, ಮಲಗಿದಿರಿ, ಅಂಗಡಿಗೆ ಹೋದಿರಿ. ಆ ಮುದುಕಿ ನನ್ನ ಮುಖ ನೋಡಲಾಗದೆ ಒಲೆ ಮುಂದೆ ಕೂತೇ ಇದ್ರು. ನನ್ನ ಕೈಲಿ ನೋಡಲಾಗಲಿಲ್ಲ ರೀ."

ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದೆ. "ಚೀಲದ ಮೇಲೆಲ್ಲ ಬೂಷ್ಟು ಬಂದಿತ್ತು. ಒರೆಸಿದೆ. ನೀನು ಬರೋ ಹೊತ್ತಿಗೆ ಚೆನ್ನಾಗಿರಲಿ ಅಂತ ಇಟ್ಟೆ" ಎಂದೆ. ಇದು ನಿಜ. ಸೀಳಿದ್ದು ನೋಡಿ ಹೆದರಿಕೆಯಾಯಿತು, ಅದೂ ನಿಜ.

"ಇದೊಂದು ಮಾತು ಆವತ್ತೇ ಹೇಳಿದ್ರೆ, ನಾನು ಸೀಳಿದ್ದನ್ನೇ ನುಡಿಸ್ತಿದ್ದೆ" ಅಂದಳು.

ಕಾಫಿ ತಂದಳು. ಕುಡಿದ ಮೇಲೆ, ಒಂದು ಸಲ ನುಡಿಸುತ್ತೀಯಾ ಎಂದು ಕೇಳಿದೆ.

"ಬೇರಿಂಗ್ ಸವೆದ ಹಾಗೆ ಕೇಳ್ತದಲ್ಲ ನಿಮಗೆ?"

ಅವಳಿಗೂ ಅಕ್ಷರಕ್ಷರ ನೆನಪಿದೆ. "ನನ್ನ ಕಿವಿ ಸವೆದಿತ್ತು" ಎಂದೆ. ನಗಲಿಲ್ಲ. ಆದರೆ ನಾನು ಹಾಕಿಸಿ ತಂದಿದ್ದ ಹೊಸ ತಂತಿ ಬಿಗಿ ಮಾಡಿ ನುಡಿಸಿದಳು. ಯಾವ ಹಾಡೋ ನನಗೆ ಗೊತ್ತಿಲ್ಲ. ಒಂಬತ್ತು ವರ್ಷ ನನ್ನ ಮನೆಯಲ್ಲೇ ದಿನಾ ಮಧ್ಯಾಹ್ನ ಇದು ಇತ್ತು, ನಾನು ಅರ್ಧ ಮೈಲಿ ದೂರದಲ್ಲಿ ಪಂಪು ಬಿಚ್ಚುತ್ತಿದ್ದೆ. ಅಳು ಬಂತು. ಅವಳು ನೋಡಿದಳೋ ಇಲ್ಲವೋ.

ಹೊರಡುವಾಗ, ಬರುತ್ತೀಯಾ ಎಂದು ಕೇಳಿದೆ. "ಪರೀಕ್ಷೆ ಮುಗೀಲಿ. ನೋಡುವ" ಅಂದಳು.

ಗಿಟಾರ್ ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಎರಡೂ ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ.

ಏಪ್ರಿಲ್ ೯, ಶನಿವಾರ, ಯುಗಾದಿ

ಬೇವು ಬೆಲ್ಲ. ಫೋನು ಬರಲಿಲ್ಲ. ಮಧ್ಯಾಹ್ನ ನಡುಮನೆಯ ಗೋಡೆಗೆ ಮರದ ಗೂಟ ಹೊಡೆದು ಬಟ್ಟೆ ಸುತ್ತಿದೆ. ಹಬ್ಬದ ದಿನ ಎಂತ ಸುತ್ತಿಗೆ ಸದ್ದು ಎಂದು ಅಮ್ಮ ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. "ಇನ್ನೂ ಸ್ವಲ್ಪ ಈಚೆಗೆ ಹೊಡಿ, ಒಲೆಗೆ ಹತ್ತಿರ ಆಯ್ತು" ಅಂದಳು. ಕಿತ್ತು ಈಚೆಗೆ ಹೊಡೆದೆ.

ಏಪ್ರಿಲ್ ೧೨

ಗೂಟ ಖಾಲಿ.

ಏಪ್ರಿಲ್ ೧೬, ಶನಿವಾರ

ಎರಡು ಗಂಟೆಗೆ ಗುಡುಗು. ಈ ವರ್ಷದ ಮೊದಲ ಮಳೆ. ಅಂಗಡಿಯ ತಗಡಿನ ಮೇಲೆ ಅದರ ಸದ್ದಿಗೆ ಫೋನು ಹೊಡೆದುಕೊಂಡದ್ದು ಮೊದಲು ಕೇಳಿಸಲೇ ಇಲ್ಲ, ಆಮೇಲೆ ಓಡಿ ಎತ್ತಿದೆ.

"ಇಲ್ಲಿ ಮಳೆ ಶುರುವಾಯ್ತು" ಅಂದಳು ಜ್ಯೋತ್ಸ್ನಾ. "ಗಿಟಾರ್ ಎಲ್ಲಿಡ್ಬೇಕು ಅಂತ ಕೇಳೋಣ ಅಂತ ಮಾಡಿದೆ."

ಅದನ್ನು ನನ್ನ ಹತ್ತಿರ ಕೇಳುತ್ತಿದ್ದಾಳೆ!

"ಇಲ್ಲಿ ನಡುಮನೇಲಿ ಗೂಟ ಹೊಡೆದಿದ್ದೀನಿ" ಎಂದೆ.

"ಒಲೆಯಿಂದ ಎಷ್ಟು ದೂರ?"

"ಇಪ್ಪತ್ತೊಂದು ಅಡಿ."

"ಅಂದಾಜಾ?"

"ಟೇಪಲ್ಲಿ ಅಳೆದದ್ದು."

ಸ್ವಲ್ಪ ಹೊತ್ತು ಮಳೆಯೇ ಕೇಳಿಸಿತು. ಲೈನು ಹೋಯಿತೆಂದು "ಹಲೋ, ಹಲೋ" ಎಂದು ಕೂಗಿದೆ. "ಕಿರುಚಬೇಡಿ, ಇದ್ದೀನಿ" ಅಂದಳು. "ಸಂಜೆ ಆರು ಗಂಟೆ ಬಸ್ಸಿಗೆ ಬರ್ತೀನಿ. ಬಸ್‌ಸ್ಟ್ಯಾಂಡಿಗೆ ಛತ್ರಿ ತನ್ನಿ."

ಅಂಗಡಿ ಮುಚ್ಚಿ ಮನೆಗೆ ಬಂದು ಅಟ್ಟದಿಂದ ಎರಡು ಛತ್ರಿ ಇಳಿಸಿದೆ. ಒಂದು ಅವಳಿಗೆ, ಒಂದು ಗಿಟಾರಿಗೆ. ನಾನು ನೆನೆದರೂ ಆದೀತು. ಇನ್ನೂ ಐದೂಕಾಲು. ಸುಮ್ಮನೆ ಕೂರಲಾಗದೆ ಅಮ್ಮನ ತಲೆಯನ್ನಾದರೂ ಬಾಚೋಣವೆಂದು ಹೋದೆ. ಅಮ್ಮ ಕೆದರಿದ ತಲೆಯಲ್ಲೇ ಬಾಗಿಲಲ್ಲಿ ಕೂತಿದ್ದಳು. ಬಾಚಣಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ಇವತ್ತು ನೀನು ಬೇಡ" ಅಂದಳು.